ಪುಡಿಯಕ್ಕ ಮತ್ತು ನೀಲಿ ಎಳೆ

ಪೊಲೀಸ್ ಠಾಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಕಳ್ಳತನವಾದ ಮನೆಯ ಬಾಗಿಲಿಗೆ ಕರಿಪುಡಿ ಬಳಿದು ಬೆರಳಚ್ಚು ಎಬ್ಬಿಸುವವಳು, ಆದ್ದರಿಂದ ಪುಡಿಯಕ್ಕ. ಕೈಯಲ್ಲಿ ರೆಪ್ಪೆಗೂದಲಿನಷ್ಟು ಮೆತ್ತನೆಯ ಕುಂಚ, ಮೈತುಂಬ ಬಿಳಿ ನಿಲುವಂಗಿ, ಮೂಗಿನ ತುದಿಯಲ್ಲಿ ಖಾಯಂ ಮಸಿ. ಹೀಗೆ ಸರ್ವಾಯುಧಸಜ್ಜಿತಳಾಗಿ "ಮುಟ್ಬೇಡ್ರೋ!" ಎನ್ನುತ್ತ ಜೀಪಿನಿಂದ ಇಳಿದಳೆಂದರೆ ಪೇದೆಗಳು ತಂತಮ್ಮ ಕೈಗಳನ್ನು ತಾವೇ ಬಂಧಿಸಿ ಬೆನ್ನ ಹಿಂದಿಟ್ಟುಕೊಳ್ಳುತ್ತಿದ್ದರು.

ಅವಳ ಪರಮಶತ್ರು ಕಳ್ಳನಲ್ಲ, ಪೊರಕೆ. ಕಳ್ಳನಾದರೂ ಪಾಪ, ಏನಾದರೊಂದು ಗುರುತು ಬಿಟ್ಟು ಹೋಗುತ್ತಾನೆ. ಮನೆಯವರು ಮಾತ್ರ "ಪೊಲೀಸ್ನೋರು ಬರ್ತಾರೆ, ಚೆನ್ನಾಗಿರ್ಲಿ" ಎಂದು ಗುಡಿಸಿ, ಒರೆಸಿ, ಕಳ್ಳ ನೀರು ಕುಡಿದ ಲೋಟವನ್ನೂ ತೊಳೆದಿಟ್ಟಿರುತ್ತಾರೆ. "ಒಂದು ಕೋಣೆಗೆ ಹೋದೋರು ಏನಾದ್ರೂ ಬಿಟ್ಟೇ ಬರ್ತಾರೆ, ಏನಾದ್ರೂ ಅಂಟಿಸ್ಕೊಂಡೇ ಬರ್ತಾರೆ ಕಣ್ರೋ" ಎಂದು ಅವಳು ಉಪದೇಶ ಮಾಡದ ದಿನವಿಲ್ಲ. ಆ ಉಪದೇಶ ತನಗೂ ಅನ್ವಯಿಸುತ್ತದೆಂಬುದು ಮಾತ್ರ ಅವಳ ಲಕ್ಷ್ಯಕ್ಕೆ ಬಂದಿರಲಿಲ್ಲ.

ಆ ಬೆಳಿಗ್ಗೆ ವಿಪರೀತ ಚಳಿ. ವಾದ್ಯ ರಿಪೇರಿ ಅಂಗಡಿಯೊಂದರ ಹಿಂಬದಿ ಕಿಟಕಿ ಒಡೆದಿತ್ತು. ಒಂದು ಹಳೆಯ ಪಿಟೀಲು ಮಾಯವಾಗಿತ್ತು. ಪುಡಿಯಕ್ಕ ನಿಯಮದಂತೆ ಮೊದಲು ಎಲ್ಲವನ್ನೂ ಫೋಟೋ ತೆಗೆದಳು, ಕಿಟಕಿಯಿಂದ ಹೊರಗೆ ಬಾಗಿ ಓಣಿ ನೋಡಿದಳು, ಆಮೇಲೆ ಭೂತಗನ್ನಡಿ ಹಿಡಿದು ಚೌಕಟ್ಟನ್ನು ಅಂಗುಲಂಗುಲ ಜಾಲಾಡಿದಳು. ಗಾಜಿನ ಮೊನೆಯಲ್ಲಿ ಸಿಕ್ಕಿತು ನೋಡಿ, ಒಂದು ನೀಲಿ ಉಣ್ಣೆಯ ಎಳೆ! ನಿಧಿ ಸಿಕ್ಕವಳಂತೆ ಅದನ್ನು ಚಿಮಟದಲ್ಲಿ ಎತ್ತಿ ಹಿಡಿದಳು.

ಓಣಿಯ ಕಾವಲುಗಾರ ಅಲ್ಲೇ ನಿಂತಿದ್ದ. ಅವನ ತಲೆಯ ಮೇಲೆ ನೀಲಿ ಟೋಪಿ. ಇನ್ಸ್‌ಪೆಕ್ಟರಿಗೆ ಇನ್ನೇನು ಬೇಕು?

"ಅಕ್ಕಾ, ನಾನು ಆ ಕಿಟಕಿ ಹತ್ರಾನೇ ಸುಳಿದಿಲ್ಲ," ಎಂದ ಅವನು, ಜೀಪು ಹತ್ತುವಾಗ.

"ಎಳೆ ಸುಳ್ಳು ಹೇಳಲ್ಲಪ್ಪಾ," ಎಂದಳು ಪುಡಿಯಕ್ಕ, ಸಿಂಹಾಸನದಿಂದ ಅಪ್ಪಣೆ ಕೊಟ್ಟಂತೆ.

ಸಂಜೆ ಠಾಣೆಯಿಂದ ಹೊರಡುವಾಗ ಕಾವಲುಗಾರನ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಊಟದ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಅವಳು ಅಳುತ್ತಿರಲಿಲ್ಲ, ಜಗಳಕ್ಕೂ ಬರಲಿಲ್ಲ. ಕಳ್ಳನೆಂಬ ಹೆಸರು ಹೊತ್ತವನನ್ನು ಇನ್ನು ಯಾರು ಕಾವಲಿಗಿಡುತ್ತಾರೆ ಎಂಬ ಲೆಕ್ಕದಲ್ಲಿ ಗೋಡೆ ನೋಡುತ್ತಿದ್ದಳು.

ಮನೆಯಲ್ಲಿ ಅತ್ತೆ ಸೊಸೆಯ ಸ್ವೆಟರನ್ನು ಕೊಡವಿ ಮಡಿಸಲು ಹೋದವರು ಹೌಹಾರಿದರು. "ಅಯ್ಯಯ್ಯೋ! ತೋಳಿನ ಅಂಚು ಎಲ್ಲಿ ಸಿಗಿಸ್ಕೊಂಡು ಬಂದ್ಯೇ? ನನ್ನ ಹೆಣಿಗೆ ಕಿತ್ತುಹೋಗಿದೆ!"

"ಎಲ್ಲೂ ಇಲ್ಲಪ್ಪ, ಇವತ್ತು ನಿಲುವಂಗಿ ಒಳಗೇ..." ಎಂದವಳು ಅಲ್ಲೇ ನಿಂತಳು. ಅತ್ತೆ ಪ್ರೀತಿ ಹೆಚ್ಚಾಗಿ ಬೆರಳು ಮುಚ್ಚುವಷ್ಟು ಉದ್ದ ತೋಳು ಹೆಣೆದಿದ್ದರು. ನಿಲುವಂಗಿಯ ಅಂಚಿನಿಂದ ಅದು ಇಣುಕುತ್ತಿತ್ತು. ಕಿಟಕಿಯಿಂದ ಬಾಗಿದ್ದಳಲ್ಲ!

"ನೀಲಿ ದಾರ ಸಾಲದೆ ಬೂದಿ ಬಣ್ಣದ್ದೂ ಸೇರಿಸಿ ಹೊಸೆದಿದ್ದೆ. ಅಂಥದ್ದು ಇನ್ನೆಲ್ಲಿ ಸಿಗತ್ತೆ?" ಎಂದರು ಅತ್ತೆ. ಪುಡಿಯಕ್ಕ ಕಿತ್ತುಹೋದ ಅಂಚಿನಿಂದ ಒಂದು ಎಳೆ ಎಳೆದು ಕಾಗದದಲ್ಲಿ ಮಡಿಸಿಟ್ಟುಕೊಂಡಳು.

ಮರುದಿನ ಸೂಕ್ಷ್ಮದರ್ಶಕದ ಕೆಳಗೆ ಮೂರು ಎಳೆಗಳನ್ನಿಟ್ಟಳು. ಟೋಪಿಯದು ಗಾಜಿನ ಕಡ್ಡಿಯಂತೆ ನುಣುಪು. ಉಣ್ಣೆಯೇ ಅಲ್ಲ, ನೈಲಾನು. ಕಿಟಕಿಯದರಲ್ಲಿ ಮೀನಿನ ಹುರುಪೆಯಂಥ ಪದರ, ನೀಲಿಯ ಜೊತೆ ಬೂದಿ. ಸ್ವೆಟರಿನದೂ ತದ್ರೂಪ. ಮೊದಲ ಫೋಟೋ ತೆಗೆದು ನೋಡಿದಳು: ಆ ಗಾಜಿನ ಮೊನೆಯಲ್ಲಿ ಎಳೆಯೇ ಇಲ್ಲ!

ಟೋಪಿಗೆ ಹೊಂದುವುದಿಲ್ಲ ಎಂದಷ್ಟೇ ಹೇಳಿ ಬಾಯಿ ಹೊಲಿದುಕೊಳ್ಳಬಹುದಿತ್ತು. ಆದರೆ ಯಾರದೆಂದು ಗೊತ್ತಾಗದ ಎಳೆ ನಾಳೆ ಇನ್ನೊಬ್ಬನ ಟೋಪಿ ಹುಡುಕಿಕೊಂಡು ಹೋಗುತ್ತದೆ. ಡಬ್ಬಿ ಹಿಡಿದು ಕೂತವಳು ಕಣ್ಣ ಮುಂದೆ ಬಂದಳು. ಪುಡಿಯಕ್ಕ ಸ್ವೆಟರನ್ನೇ ಬಗಲಲ್ಲಿಟ್ಟುಕೊಂಡು ಇನ್ಸ್‌ಪೆಕ್ಟರ ಕೋಣೆಗೆ ನಡೆದಳು, ಶರಣಾಗಲು ಹೊರಟ ಸೇನಾಪತಿಯಂತೆ.

ಇನ್ಸ್‌ಪೆಕ್ಟರ್ ಪೂರ್ತಿ ಕೇಳಿ ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಹಾಗಾದ್ರೆ ಅಕ್ಕಾ, ಕಳ್ಳಿ ನೀವೇನಾ?"

"ಎಳೆ ನಂದು ಸಾರ್, ಪಿಟೀಲು ನಾನು ಎತ್ತಿಲ್ಲ. ಮೊದ್ಲು ಅವನನ್ನ ಬಿಡಿ, ಆಮೇಲೆ ಹೊಟ್ಟೆ ತುಂಬ ನಗಿ."

ಬಾಗಿಲ ಹಿಂದೆ ಪೇದೆಗಳು ಆಗಲೇ ನಗಲು ಶುರುಮಾಡಿದ್ದರು. "ಮುಟ್ಬೇಡ್ರೋ, ಮುಟ್ಬೇಡ್ರೋ!" ಎಂದು ಒಬ್ಬ ಅವಳದೇ ಧಾಟಿಯಲ್ಲಿ ಹೇಳಿದ. ಅವಳು ಅಷ್ಟನ್ನೂ ನುಂಗಿಕೊಂಡು, ಅಂದೇ ಮತ್ತೆ ಅಂಗಡಿಗೆ ಹೋದಳು.

ಎಳೆಯ ಮೋಹ ಇಳಿದ ಮೇಲೆ ಗಾಜು ಕಂಡಿತು. ಚೂರುಗಳೆಲ್ಲ ಓಣಿಯಲ್ಲಿ ಬಿದ್ದಿದ್ದವು, ಅಂಗಡಿಯೊಳಗೆ ಬಿದ್ದದ್ದು ಚಿಟಿಕೆಯಷ್ಟು. ಹೊರಗಿನಿಂದ ಗುದ್ದಿದರೆ ಗಾಜು ಹೆಚ್ಚಾಗಿ ಒಳಕ್ಕೆ ಬೀಳಬೇಕು. ಅಂದರೆ ಒಡೆದವನು ಒಳಗೇ ಇದ್ದ. ಬಾಗಿಲು ಮುರಿದಿರಲಿಲ್ಲವಾದ್ದರಿಂದ ಬೀಗ ತೆಗೆದೇ ಬಂದವನು. ಒಂದು ಚೂರಿನ ಒಳಮೈಗೆ ಪುಡಿ ಬಳಿದಾಗ ಹೆಬ್ಬೆರಳೊಂದು ಸೊಗಸಾಗಿ ಎದ್ದು ನಿಂತಿತು. ಇನ್ನೊಂದು ಬೀಗದಕೈ ಇದ್ದದ್ದು ಅಂಗಡಿಯವನ ಭಾವಮೈದುನನ ಬಳಿ. ಆ ಕಿಟಕಿಯ ಹತ್ತಿರಕ್ಕೇ ಹೋಗುವವನಲ್ಲ ಎಂದು ಆಣೆ ಹಾಕಿದ ಆ ಮಹಾನುಭಾವನ ಹೆಬ್ಬೆರಳಿಗೂ ಇದಕ್ಕೂ ಗೆರೆ ಗೆರೆ ಹೊಂದಿತು. ಪಿಟೀಲು ಅವನ ಬೀರುವಿನ ಹಿಂದೆ ನಿಂತಿತ್ತು.

ಕಾವಲುಗಾರ ಮತ್ತೆ ಓಣಿಯಲ್ಲಿ ಕೋಲು ಕುಟ್ಟತೊಡಗಿದ. ಪುಡಿಯಕ್ಕ ಎದುರಾದಾಗ ಟೋಪಿ ಸರಿಮಾಡಿಕೊಂಡು ಕೇಳಿದ: "ಎಳೆ ಸುಳ್ಳು ಹೇಳಲ್ಲ ಅಂದಿದ್ರಿ, ಅಲ್ವೇನಕ್ಕಾ?"

"ಹೇಳಲಿಲ್ಲಪ್ಪಾ. ನಾನೇ ಪೂರ್ತಿ ಕೇಳಿಸ್ಕೊಳ್ಳಲಿಲ್ಲ. ತಪ್ಪಾಯ್ತು."

ಅವನು ಜೋರಾಗಿ ನಕ್ಕುಬಿಟ್ಟ. ಅವಳಿಗೆ ಅದು ಬಿಡುಗಡೆಯ ಆಜ್ಞೆಯಂತೆ ಕೇಳಿಸಿತು.

ಸ್ವೆಟರ್ ಈಗ ಕೇಸಿನ ಕಡತದೊಂದಿಗೆ ಮೊಹರು ಹಾಕಿದ ಲಕೋಟೆಯಲ್ಲಿದೆ. "ಕೋರ್ಟಿಗೆ ಹೋಗತ್ತೆ ಅಂದಿದ್ರೆ ಒಗೆದು ಕೊಡ್ತಿದ್ನಲ್ಲೇ!" ಎಂದು ಅತ್ತೆ ಇನ್ನೂ ಮರುಗುತ್ತಾರೆ. ಹೊಸದಕ್ಕೆ ದಾರ ತಂದಾಗಿದೆ. ನಿನ್ನೆ ಅಳತೆ ಹಿಡಿದವರು ಟೇಪನ್ನು ಸೊಸೆಯ ಮೊಣಕೈ ಹತ್ತಿರವೇ ನಿಲ್ಲಿಸಿದರು.

"ಇಷ್ಟು ಸಾಕು ನಿಂಗೆ."