ಎರಡನೇ ಸಲದ ಸ್ಕ್ಯಾನ್

ಆಸ್ಪತ್ರೆಯ ಸ್ಕ್ಯಾನ್ ಟೆಕ್ನಿಷಿಯನ್‌ಗೆ ರೋಗಿಗಳು ಇಟ್ಟ ಹೆಸರು ‘ಅಲುಗಾಡ್ಬೇಡಿ’. ಹತ್ತೊಂಬತ್ತು ವರ್ಷ ಗಾಜಿನ ಆಚೆ ಕೂತು ಅದೊಂದೇ ಮಾತು ಹೇಳಿ ಅವನ ಬಾಯಿ ಸವೆದಿತ್ತು. ಅಳುವವರು, ಗೊಣಗುವವರು, ಹಿಡಿಶಾಪ ಹಾಕುವವರು, ಯಾರಿಗೂ ಅವನು ಸೊಪ್ಪು ಹಾಕಿದವನಲ್ಲ. ಚಿತ್ರ ಸರಿಯಾಗಿ ಬರುವ ತನಕ ಯಾರನ್ನೂ ಕೆಳಗಿಳಿಸಿದವನೂ ಅಲ್ಲ.

ಅಂಥವನ ಕೈಗೇ ಅಕ್ಕ ಬಂದಳು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳು. ಈಗ ಆ ಸೊಂಟದ ಬೆನ್ನುಮೂಳೆಗೇ ಆಪರೇಷನ್ ಆಗಿತ್ತು. ಗಾಯ ಮಾಗಿದರೂ ತಲೆನೋವು ಬಿಡಲಿಲ್ಲ. ಮಲಗಿದರೆ ಮಾಯ, ಎದ್ದು ಕೂತರೆ ತಲೆ ಸಿಡಿಯುವಷ್ಟು. ಬೆನ್ನುಹುರಿಯ ಸುತ್ತಲಿನ ನೀರು ಎಲ್ಲೋ ಸೋರುತ್ತಿದೆ ಎಂದು ಡಾಕ್ಟರಿಗೆ ಅನುಮಾನ. ಚಿತ್ರದಲ್ಲಿ ಬೆಳ್ಳಗೆ ಕಾಣುವ ಡೈಯನ್ನು ಬೆನ್ನಿಗೆ ಚುಚ್ಚಿ ಎರಡು ಸಲ ಸ್ಕ್ಯಾನ್ ತೆಗೆಯಬೇಕು: ಒಮ್ಮೆ ಕೂಡಲೇ, ಇನ್ನೊಮ್ಮೆ ಎರಡು ಗಂಟೆ ಬಿಟ್ಟು, ಬೋರಲು ಮಲಗಿಸಿ. ನಿಧಾನಕ್ಕೆ ಸೋರುವಂಥದ್ದು ಕಾಣುವುದು ಎರಡನೆಯದರಲ್ಲೇ. ಇದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು!

ಮೊದಲ ಸಲ ಏನೂ ಕಾಣಲಿಲ್ಲ. ಎರಡನೆಯದಕ್ಕೆ ಬೋರಲು ಮಲಗಿಸಿದಾಗ, ಚುಚ್ಚಿದ ಬೆನ್ನಿನ ನೋವಿಗೆ ಅಕ್ಕ ಮಗುವಿನಂತೆ ಅತ್ತಳು.

“ಆಗಲ್ಲ ಕಣೋ, ಸಾಕು ಬಿಡೋ.”

ಅವನು ಗಾಜಿನ ಆಚೆಯಿಂದ ಎದ್ದು ಬಂದ. “ಆಯ್ತು ಅಕ್ಕ, ಏಳು. ಮೊದಲ್ನೇದೇ ಸಾಕು,” ಎಂದುಬಿಟ್ಟ. ಪರೀಕ್ಷೆ ಅರ್ಧಕ್ಕೆ ನಿಂತಿತು ಎಂದು ಬರೆಯಬೇಕಾದ ಕಡೆ ಏನನ್ನೂ ಬರೆಯಲಿಲ್ಲ. ಬರೆದಿದ್ದರೆ ಅವಳನ್ನು ಮತ್ತೆ ಕರೆಸುತ್ತಿದ್ದರು. ಚಿತ್ರ ಓದುವ ಡಾಕ್ಟರು ಅವನ ಮೇಲಿನ ನಂಬಿಕೆಯಿಂದ ಇದ್ದಷ್ಟನ್ನೇ ನೋಡಿ ‘ಸೋರಿಕೆ ಇಲ್ಲ’ ಎಂದು ವರದಿ ಕೊಟ್ಟರು. ಊರವರ ಮೇಲೆಲ್ಲ ಬಿಗಿಯಾಗಿದ್ದವನು ಸಡಿಲವಾಗಿದ್ದು ಒಂದೇ ಒಂದು ಸಲ, ಅದೂ ಯಾರ ಮೇಲೆ ನೋಡಿ.

ಆ ವರದಿ ಬಂದ ಮೇಲೆ ಅಕ್ಕನ ನೋವು ಮನೆಯವರಿಗೆ ನೆಪವಾಗಿ ಕಂಡಿತು. ಅವಳೂ ಹಲ್ಲು ಕಚ್ಚಿಕೊಂಡು ಓಡಾಡಿದಳು. ಮೂರನೇ ವಾರ ಬಚ್ಚಲಲ್ಲಿ ಕುಸಿದಳು. ಬೆನ್ನುಹುರಿಯ ನೀರು ಸೋರಿ ಸೋರಿ ಮೆದುಳಿನ ಸುತ್ತ ರಕ್ತ ಕಟ್ಟಿತ್ತು. ಸೋರುವ ಜಾಗ ಹುಡುಕಲೇಬೇಕು ಎಂದರು ಡಾಕ್ಟರು. ಈ ಸಲ ಅವನು ಎರಡನ್ನೂ ತೆಗೆದ. ಎರಡನೆಯದರಲ್ಲಿ, ಆಪರೇಷನ್ ಆದ ಜಾಗದ ಪಕ್ಕದಲ್ಲೇ, ನೂಲಿನಷ್ಟು ತೆಳ್ಳಗೆ, ಬೆಳ್ಳಗೆ ಸೋರಿಕೆ ಕಂಡಿತು. ಆದರೆ ಕಾಲ ಮೀರಿತ್ತು. ಮಾರನೇ ಬೆಳಗ್ಗೆ ಅಕ್ಕ ಹೋದಳು.

ಎಲ್ಲ ಮುಗಿದ ಮೇಲೆ ತಪ್ಪೊಪ್ಪಿಕೊಳ್ಳಲೆಂದೇ ಅವನು ಭಾವನ ಮನೆಗೆ ಹೋದ. ಬಾಯಿ ತೆರೆಯುವಷ್ಟರಲ್ಲಿ ಭಾವನೇ ಅವನ ಕೈ ಹಿಡಿದುಕೊಂಡರು.

“ಮುಟ್ಟಿದವ್ರೆಲ್ಲ ನೋಯ್ಸಿದ್ರು, ನನ್ ತಮ್ಮ ಒಬ್ನೇ ಕರುಣೆ ತೋರ್ಸಿದ್ದು ಅಂತ ಕೊನೇವರೆಗೂ ಹೇಳ್ತಿದ್ಳು ಕಣಪ್ಪ.”

ಹೇಳಲು ಬಂದವನು ‘ಹೂಂ’ ಅಂದ.