ಸಹಿಗೆ ಮೊದಲು ಕಣ್ಣಾಸ್ಪತ್ರೆ

ಗೆಳೆಯರೇ, ಇವತ್ತು ಸಾಕ್ಷಿ ಸಹಿ ಹಾಕಲು ಹೋಗಿ ಮಾವನ ಕೋಪ ಕಟ್ಟಿಕೊಂಡೆ.

ಅಜ್ಜಿ ಹೊಸಮನೆ ಬಡಾವಣೆಯಲ್ಲಿರುವ ತಮ್ಮ ಮನೆಯನ್ನು ಮಗನಿಗೆ, ಅಂದರೆ ಭದ್ರಾವತಿಯ ನನ್ನ ಸೋದರಮಾವನಿಗೆ, ದಾನಪತ್ರ ಮಾಡಿಕೊಡುವುದಿತ್ತು. ಎಂದೋ ಶಾಲೆ ಬಿಟ್ಟವನಿಗೆ ಯಾವಾಗಲೂ ಬಿಡುವಿರುತ್ತದೆ ಎಂದು ಸಾಕ್ಷಿಗೆ ನನ್ನನ್ನು ಕರೆದಿದ್ದರು.

ಪತ್ರ ಬರೆಯುವ ವಕೀಲರು ತಮ್ಮ ಕಚೇರಿಯಲ್ಲಿ ಅಜ್ಜಿಗೆ ಹೇಳಿದರು, "ಮಗ ಕೊನೆತನಕ ನೋಡ್ಕೋಬೇಕು ಅನ್ನೋ ಷರತ್ತನ್ನ ಪತ್ರದಲ್ಲೇ ಬರೆಸಿಬಿಡಿ ಅಮ್ಮ. ಇಲ್ದಿದ್ರೆ ನಾಳೆ ಅವ್ರು ನೋಡ್ಕೊಳ್ದೇ ಹೋದ್ರೆ ಮನೆ ವಾಪಸ್ ತಗೊಳ್ಳೋದು ಕಷ್ಟ."

ಮಾವನ ಮುಖ ಊದಿಕೊಂಡಿತು. "ಹೆತ್ತ ತಾಯಿನ ನೋಡ್ಕೊಳ್ಳೋಕೆ ಷರತ್ತಾ? ನಮ್ಮ ವಂಶದಲ್ಲೇ ಇಲ್ಲ."

"ಹೆಂಗೂ ನೋಡ್ಕೋತೀಯಲ್ಲ, ಬರೆದ್ರೆ ನಿಂಗೇನು ಭಾರ?" ಎಂದರು ಅಜ್ಜಿ.

ಮಾವ ನನ್ನ ಕಡೆ ತಿರುಗಿದರು. "ನೀನೇ ಹೇಳು ಮಾರಾಯ, ನಾನು ಅಮ್ಮನ್ನ ನೋಡ್ಕೊಳ್ಳಲ್ವಾ?"

ನನ್ನನ್ನು ಕೇಳಬಾರದಿತ್ತು. "ನೋಡ್ಕೋತೀರಿ ಮಾವ. ಆದ್ರೆ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂತ ದಸರಾದಿಂದ ಹೇಳ್ತಿದ್ದೀರಿ. ಯುಗಾದಿನೂ ಮುಗೀತು," ಎಂದೆ.

ವಕೀಲರು ನೀರು ಕುಡಿದರು. ಅಜ್ಜಿ ಪೆನ್ನಿಗೆ ಮುಚ್ಚಳ ಹಾಕಿದರು. "ಹೌದಲ್ಲ, ಕಣ್ಣು ಕಾಣ್ದೆ ಎಲ್ಲಿ ಅಂತ ಸಹಿ ಹಾಕ್ಲಿ? ನೀವು ಷರತ್ತು ಬರೆದಿಡಿ. ನಾನು ಮೊದ್ಲು ಕಣ್ಣು ತೋರಿಸ್ಕೊಂಡು ಬರ್ತೀನಿ."

ಈಗ ಮೂವರೂ ಕಣ್ಣಾಸ್ಪತ್ರೆಯ ಬೆಂಚಿನ ಮೇಲಿದ್ದೇವೆ. ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಆದರೆ ಅಜ್ಜಿಯ ಕೈ ಮಾತ್ರ ಬಿಟ್ಟಿಲ್ಲ. ಅದನ್ನು ಕಂಡ ನರ್ಸ್, "ಮಗ ಎಷ್ಟು ಚೆನ್ನಾಗಿ ನೋಡ್ಕೋತಾರೆ ಅಜ್ಜಿ," ಎಂದು ಮೆಚ್ಚಿಕೊಂಡಳು.

ಹನಿ ಹಾಕಿಸಿಕೊಂಡ ಕಣ್ಣು ಮುಚ್ಚಿಕೊಂಡೇ ಅಜ್ಜಿ ಹೇಳಿದರು, "ಇನ್ನೂ ಸಹಿ ಹಾಕಿಲ್ಲ ಕಣಮ್ಮ."