ಫೋಟೋ ಬಿಡಿಸುವ ಪಿಳ್ಳಪ್ಪನವರು

ಹೊಸಕೋಟೆಯ ನಮ್ಮ ಕಾರ್ಖಾನೆಗೆ ಕೆಲಸ ಕೇಳಿ ಬರುವ ಅರ್ಜಿಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ತುಂಬಿಸುವವರು ಪಿಳ್ಳಪ್ಪನವರು. ಟೈಪ್‌ರೈಟರಿನಲ್ಲಿ ಕುಟ್ಟಿ ಪಳಗಿದ ಬೆರಳುಗಳು ಅವರವು. ಕೀಲಿಗಳನ್ನು ಈಗಲೂ ಕಡಲೆಕಾಯಿ ಒಡೆದ ಹಾಗೆ ಒತ್ತುತ್ತಾರೆ. ಬೆಳಿಗ್ಗೆ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದು, ಮಲಗಿದ ಮಗುವಿನ ಹೊದಿಕೆ ಸರಿಸಿದಂತೆ ಕಂಪ್ಯೂಟರಿನ ಹೊದಿಕೆ ತೆಗೆಯುತ್ತಾರೆ. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾಗದವರ ಹೆಸರನ್ನು ಕಂಪ್ಯೂಟರು ತಾನೇ ಕೈಬಿಡುತ್ತದೆ. ಹಾಗೆ ಬಿಟ್ಟುಹೋದ ಅರ್ಜಿಗಳನ್ನು ಅವರು ರದ್ದಿಗೆ ಹಾಕುವ ಮೊದಲು ಟೀ ಲೋಟದ ಹಬೆಗೆ ಹಿಡಿದು, ಅಂಟು ಸಡಿಲಿಸಿ, ಫೋಟೋ ಬಿಡಿಸುತ್ತಾರೆ. ಫೋಟೋದಲ್ಲಿರುವ ಹುಡುಗರಲ್ಲಿ ಹೆಚ್ಚಿನವರು ಸ್ಟುಡಿಯೋದವನ ಒಂದೇ ಕೋಟನ್ನು ಹಾಕಿಕೊಂಡವರು. "ತಗೊಳಪ್ಪ, ಇನ್ನೊಂದು ಕಡೆ ಹಾಕೋಕಾಗುತ್ತೆ. ನಿನ್ನ ಬಿಟ್ಟಿದ್ದು ನಾನಲ್ಲ, ಅದು" ಎಂದು ಗೇಟಿನಲ್ಲಿ ವಾಪಸು ಕೊಡುತ್ತಾರೆ. ಮೊನ್ನೆ, ಹಾಗೆ ಹೆಸರು ಬಿಟ್ಟುಹೋದ ಸಮೇತನಹಳ್ಳಿಯ ಹುಡುಗ ಆವಲಪ್ಪ ಮತ್ತೆ ಬಂದಿದ್ದ. "ವೆಲ್ಡಿಂಗ್ ಚೆನ್ನಾಗಿ ಮಾಡ್ತೀನಿ ಸಾರ್, ಆ ಕಂಪ್ಯೂಟರಿಗೆ ಒಂದ್ಮಾತು ಹೇಳಿ ನೋಡಿ" ಎಂದ. "ಅದ್ರಲ್ಲಿ ಆ ಮಾತು ಹಾಕೋಕೆ ಜಾಗಾನೇ ಇಲ್ಲ ಕಣಪ್ಪ" ಎಂದ ಪಿಳ್ಳಪ್ಪನವರು, ಅವನ ಫೋಟೋವನ್ನು ಮಾತ್ರ ವಾಪಸು ಕೊಡಲಿಲ್ಲ. ಯಾವಾಗಲೂ ಬೇವಿನ ಮರದಡಿ ಒಬ್ಬರೇ ಕೂತು ಉಣ್ಣುವವರು, ಆ ಮಧ್ಯಾಹ್ನ ಡಬ್ಬಿ ಹಿಡಿದು ವೆಲ್ಡಿಂಗ್ ಮೇಸ್ತ್ರಿಯ ಪಕ್ಕ ಹೋಗಿ ಕೂತರು. ಡಬ್ಬಿ ತೆರೆಯುವ ಮೊದಲು ಜೇಬಿನಿಂದ ಫೋಟೋ ತೆಗೆದು, "ಈ ಹುಡುಗನ್ನ ಒಂದ್ಸಲ ನೀನು ನೋಡಯ್ಯ" ಎಂದರು.